ಕಲ್ಯಾಣದ ಟೀಕೆ, ಬೊಲೋನ್ಯಾದ ಟಿಪ್ಪಣಿ, ಮಗಳ ಭಾಗ

ಪೀಳಮೇಡಿನ ಜನ ಇಂದಿಗೂ ಹೆಮ್ಮೆಯಿಂದ ನೆನೆಯುವ ಪಾಲುವಿಭಾಗವೊಂದಿದೆ. 1926ರಲ್ಲಿ ಪಿ.ಎಸ್. ಗೋವಿಂದಸ್ವಾಮಿ ನಾಯ್ಡು ಅವರ ನಾಲ್ವರು ಪುತ್ರರು ಕುಟುಂಬದ ಆಸ್ತಿಯನ್ನು ನಾಲ್ಕು ಭಾಗ ಮಾಡಲಿಲ್ಲ. ಐದು ಭಾಗ ಮಾಡಿದರು. ಐದನೆಯದು ಧರ್ಮಕ್ಕೆ. ಧರ್ಮವನ್ನೇ ಒಬ್ಬ ಸೋದರನೆಂದು ಎಣಿಸಿದ ಆ ಲೆಕ್ಕದಿಂದ ಮುಂದೆ ಶಾಲೆ, ಕಾಲೇಜು, ಆಸ್ಪತ್ರೆಗಳು ಬೆಳೆದವು.

ತೆಲುಗು ಮನೆಮಾತಿನ ಕುಟುಂಬ, ತಮಿಳು ನೆಲ, ಆಂಗ್ಲರ ನ್ಯಾಯಾಲಯಗಳ ಕಾಲ. ಆದರೆ ತಂದೆಯ ಆಸ್ತಿಯಲ್ಲಿ ಮಕ್ಕಳಿಗೆ ಇಷ್ಟಿಷ್ಟು ಭಾಗವೆಂದು ಹೇಳುವ ನಿಯಮ ಮಾತ್ರ ಕನ್ನಡ ನಾಡಿನದು. ಅದು ಬಂದದ್ದು ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಿಂದ, ಇಂದಿನ ಬಸವಕಲ್ಯಾಣದಿಂದ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆಯೇ ‘ಮಿತಾಕ್ಷರ’. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬಂಗಾಳ, ಅಸ್ಸಾಂಗಳನ್ನುಳಿದು ಭಾರತದ ಬಹುಭಾಗದ ಹಿಂದೂ ಕುಟುಂಬಗಳಿಗೆ ಅದೇ ಆಧಾರಗ್ರಂಥವಾಯಿತು.

ಎರಡು ನಗರಗಳು, ಒಂದೇ ಕಾಲ

ಕಲ್ಯಾಣದಲ್ಲಿ ಈ ಗ್ರಂಥ ಸಿದ್ಧವಾಗುತ್ತಿದ್ದ ತಲೆಮಾರಿನಲ್ಲಿಯೇ ಇಟಲಿಯ ಬೊಲೋನ್ಯಾ ನಗರದಲ್ಲಿ ಇರ್ನೇರಿಯಸ್ ಎಂಬ ಅಧ್ಯಾಪಕನು ಮತ್ತೊಂದು ಹಳೆಯ ಗ್ರಂಥವನ್ನು ಬಿಡಿಸಿಟ್ಟುಕೊಂಡು ಕುಳಿತಿದ್ದನು. ಅದು 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಸಂಕಲಿಸಿದ ರೋಮನ್ ನ್ಯಾಯದ ಐವತ್ತು ಪುಸ್ತಕಗಳ ಸಂಗ್ರಹ. ಇರ್ನೇರಿಯಸನೂ ಅವನ ಶಿಷ್ಯರೂ ಹೊಸ ಕಾನೂನು ಮಾಡಲಿಲ್ಲ. ಮೂಲದ ಅಂಚಿನಲ್ಲಿ ಟಿಪ್ಪಣಿ ಬರೆದರು. ಒಂದಕ್ಕೊಂದು ಹೊಂದದ ವಾಕ್ಯಗಳನ್ನು ಹೊಂದಿಸಿದರು. ಸುಮಾರು 1140ರಲ್ಲಿ ಗ್ರೇಷಿಯನ್ ಎಂಬವನು ಚರ್ಚಿನ ನಿಯಮಗಳಿಗೂ ಅದೇ ಕೆಲಸ ಮಾಡಿದನು. ಯೂರೋಪಿನ ಎಲ್ಲೆಡೆಯಿಂದ ಬಂದ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡರು. ಆ ಸಂಘಗಳಿಂದ ವಿಶ್ವವಿದ್ಯಾಲಯ ರೂಪುಗೊಂಡಿತು.

ನಮ್ಮಲ್ಲಿ ವಿದ್ಯೆಗೆ ಆಶ್ರಯ ಬೇರೆ ಬಗೆಯದು. ಅಗ್ರಹಾರ, ಮಠ, ಘಟಿಕಾಸ್ಥಾನಗಳಿಗೆ ಅರಸರೂ ದಂಡನಾಯಕರೂ ಭೂಮಿ ಬಿಟ್ಟರು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರಿಗೆ ಕೊಟ್ಟ ವೃತ್ತಿಗಳ ವಿವರವಿದೆ. ಇಂಥ ನಾಡಿನಲ್ಲಿ ಬೆಳೆದ ವಿಜ್ಞಾನೇಶ್ವರನ ವಿಧಾನವೂ ಟೀಕಾಕಾರನದೇ. ಸ್ಮೃತಿವಾಕ್ಯವನ್ನು ಎತ್ತಿಕೊಳ್ಳುವುದು, ಪೂರ್ವಪಕ್ಷ ಹೇಳುವುದು, ಖಂಡಿಸುವುದು, ಸಿದ್ಧಾಂತಕ್ಕೆ ಬರುವುದು. ಆತನು ಪರಮಹಂಸ ಪರಿವ್ರಾಜಕನೆಂದು ಗ್ರಂಥಾಂತ್ಯ ಹೇಳುತ್ತದೆ. ಸಂನ್ಯಾಸ ಸ್ವೀಕರಿಸಿದವನಿಗೆ ಕುಟುಂಬದ ಆಸ್ತಿಯಲ್ಲಿ ಭಾಗವಿಲ್ಲ. ಆಸ್ತಿಯ ನ್ಯಾಯವನ್ನು ನಾಡಿಗೆ ತಿಳಿಸಿದವನು ಆಸ್ತಿಯನ್ನು ಬಿಟ್ಟವನು.

ಎರಡು ನಗರಗಳ ಸಿದ್ಧಾಂತಗಳಲ್ಲಿ ಅಂತರವೂ ಇದೆ. ರೋಮನ್ ನ್ಯಾಯದಲ್ಲಿ ತಂದೆ ಬದುಕಿರುವವರೆಗೆ ಮನೆಯ ಒಡೆತನ ಅವನದು. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನು ಹುಟ್ಟುತ್ತಲೇ ಒಡೆಯನಾಗುತ್ತಾನೆ. ಬಂಗಾಳದ ಜೀಮೂತವಾಹನನು ಇದನ್ನು ಒಪ್ಪಲಿಲ್ಲ. ತಂದೆಯ ಸ್ವತ್ವ ಅಳಿದ ಮೇಲೆಯೇ ಮಗನ ಸ್ವತ್ವವೆಂದನು.

ಸ್ವತ್ವವೆಂಬುದು ಶಾಸ್ತ್ರದಿಂದ ಬಂದದ್ದಲ್ಲ, ಲೋಕವ್ಯವಹಾರದಿಂದ ಬಂದದ್ದು ಎಂಬುದು ವಿಜ್ಞಾನೇಶ್ವರನ ಮತ್ತೊಂದು ಮುಖ್ಯ ವಾದ. ಶಾಸ್ತ್ರವನ್ನೇ ಅರಿಯದ ಗಡಿನಾಡಿನ ಜನರೂ ಕೊಳ್ಳುವುದು, ಮಾರುವುದು ಮಾಡುತ್ತಾರಲ್ಲವೇ ಎಂಬುದು ಆತ ಕೊಟ್ಟ ದೃಷ್ಟಾಂತ. ಹೊರನಾಡಿನಲ್ಲಿದ್ದು ಈ ಪತ್ರಿಕೆ ಓದುವವರಿಗೆ ಆ ದೃಷ್ಟಾಂತ ವಿಶೇಷವಾಗಿ ರುಚಿಸೀತು.

ಮದುವೆ ಮಾಡಿಕೊಟ್ಟೆವಲ್ಲ!

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಉಪನೋಂದಣಿ ಕಚೇರಿಗಳ ಪಡಸಾಲೆಯಲ್ಲಿ ಒಂದು ದೃಶ್ಯ ಹೊಸದಲ್ಲ. ಅಣ್ಣಂದಿರ ನಡುವೆ ತಂಗಿ ಕುಳಿತಿದ್ದಾಳೆ. ಮನೆಯಲ್ಲಿ ದೇವಾಂಗರ ಕನ್ನಡ, ಕೈಯಲ್ಲಿರುವ ಪತ್ರ ತಮಿಳಿನದು. “ಇಲ್ಲೊಂದು ಸಹಿ ಹಾಕಮ್ಮ” ಎನ್ನುತ್ತಾರೆ. ಅವಳು ಹಾಕುತ್ತಾಳೆ. ಅದು ಹಕ್ಕು ಬಿಡುಗಡೆ ಪತ್ರ. ಒಂದು ಕಾಲಕ್ಕೆ ಮಗ್ಗದ ಗುಂಡಿಯಿದ್ದ ಮನೆಯ ನೆಲಕ್ಕೆ ಇಂದು ನಗರದ ಬೆಲೆ ಬಂದಿರಬಹುದು. ಅವಳು ಕೇಳಿದರೆ ಬರುವ ಉತ್ತರ ಒಂದೇ: “ನಿನಗೆ ಮದುವೆ ಮಾಡಿಕೊಟ್ಟೆವಲ್ಲ!”

ಈ ಉತ್ತರ ಇಟಲಿಗೂ ಪರಿಚಿತ. 543ರ ಜಸ್ಟಿನಿಯನ್ನನ ಶಾಸನ ಗಂಡು ಹೆಣ್ಣು ಮಕ್ಕಳಿಗೆ ಸಮಭಾಗವೆಂದಿತ್ತು. ಬೊಲೋನ್ಯಾದ ಪಂಡಿತರು ಅದನ್ನೇ ಬೋಧಿಸಿದರು. ಆದರೆ ವರ್ತಕರ ನಗರಗಳು ತಮ್ಮ ಸ್ಥಳೀಯ ಕಟ್ಟಳೆಗಳಲ್ಲಿ ಬೇರೆ ದಾರಿ ಹಿಡಿದವು. ಗಂಡನ ಆಸ್ತಿಯಲ್ಲಿ ಹೆಂಡತಿಗಿದ್ದ ಮೂರನೆಯ ಒಂದು ಭಾಗವನ್ನು ಜಿನೋವಾ 1143ರಲ್ಲಿ ರದ್ದುಗೊಳಿಸಿತು. ವರದಕ್ಷಿಣೆ ಪಡೆದ ಮಗಳಿಗೆ ತಂದೆಯ ಆಸ್ತಿಯಲ್ಲಿ ಭಾಗವಿಲ್ಲವೆಂದು ಫ್ಲಾರೆನ್ಸ್ ಮೊದಲಾದ ನಗರಗಳು ಕಟ್ಟಳೆ ಮಾಡಿದವು. ವರದಕ್ಷಿಣೆಯ ಮೊತ್ತ ಏರುತ್ತ ಹೋಗಿ, 1425ರಲ್ಲಿ ಫ್ಲಾರೆನ್ಸ್ ನಗರವೇ ತಂದೆಯರು ಹಣ ಇಡಲು ವರದಕ್ಷಿಣೆ ನಿಧಿ ತೆರೆಯಿತು. ಮಠಕ್ಕೆ ಕೊಡಬೇಕಾದ ಹಣ ಮದುವೆಗೆ ಬೇಕಾದುದಕ್ಕಿಂತ ಕಡಿಮೆಯಾದ್ದರಿಂದ ಎಷ್ಟೋ ಹೆಣ್ಣುಮಕ್ಕಳು ಸಂನ್ಯಾಸಿನಿಯರಾದರು. ಪುಸ್ತಕದ ನ್ಯಾಯ ಉದಾರ, ಊರಿನ ನ್ಯಾಯ ಬಿಗಿ.

ಕಲ್ಯಾಣದ ಕಥೆಯೂ ಇದಕ್ಕೆ ಹತ್ತಿರ. ತಂದೆ ತೀರಿದ ಮೇಲೆ ಭಾಗವಾಗುವಾಗ ಅವಿವಾಹಿತೆಯಾದ ಸೋದರಿಗೆ ನಾಲ್ಕನೆಯ ಒಂದು ಅಂಶ ಎಂಬ ಸ್ಮೃತಿವಾಕ್ಯವಿದೆ. ಅದರರ್ಥ ಮದುವೆಯ ಖರ್ಚಿಗೆ ಬೇಕಾದಷ್ಟು ಎಂದಷ್ಟೇ ಎಂದು ಕೆಲವರು ವಾದಿಸಿದ್ದರು. ವಿಜ್ಞಾನೇಶ್ವರನು ಆ ವಾದವನ್ನು ಎತ್ತಿಕೊಂಡು ತಳ್ಳಿಹಾಕಿದನು. ಅವಳೂ ಭಾಗಾರ್ಹಳೇ ಎಂದನು. ಸ್ತ್ರೀಧನದ ವ್ಯಾಖ್ಯೆಯಲ್ಲಿ ದಾಯವಾಗಿ ಬಂದದ್ದು, ಕೊಂಡದ್ದು, ವಿಭಾಗದಲ್ಲಿ ದೊರೆತದ್ದು ಎಲ್ಲವನ್ನೂ ಸೇರಿಸಿದನು. ಗಂಡುಮಗನಿಲ್ಲದೆ, ಬೇರೆಯಾಗಿ ಬಾಳಿ ತೀರಿದವನ ಆಸ್ತಿ ಅವನ ಪತ್ನಿಗೆ ಸಲ್ಲುತ್ತದೆಂದನು. ವಿವಾಹಿತ ಮಗಳಿಗೆ ಹುಟ್ಟಿನ ಹಕ್ಕನ್ನು ಆತ ಕೊಡಲಿಲ್ಲ, ನಿಜ. ಕೊಟ್ಟಷ್ಟನ್ನೂ ಮುಂದಿನವರು ಕಿರಿದುಗೊಳಿಸಿದರು. ರೂಢಿಯಲ್ಲಿ ನಾಲ್ಕನೆಯ ಅಂಶ ಮದುವೆಯ ಖರ್ಚೇ ಆಯಿತು. ದಾಯವಾಗಿ ಬಂದ ಆಸ್ತಿ ಸ್ತ್ರೀಧನವಲ್ಲವೆಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು.

ಇಂದಿನ ನ್ಯಾಯ

ಆ ಕಿರಿದಾದ ದಾರಿಯನ್ನು ಮತ್ತೆ ಅಗಲಿಸಿದ್ದು ಶಾಸನಸಭೆಗಳು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಪ್ರಕರಣ ಸ್ತ್ರೀಯ ಆಸ್ತಿಯನ್ನು ಪೂರ್ಣಸ್ವಾಮ್ಯದ ಆಸ್ತಿಯೆಂದಿತು. ಅಲ್ಲಿಯ ವಿವರಣೆ ಓದಿದವರಿಗೆ ವಿಜ್ಞಾನೇಶ್ವರನ ಸ್ತ್ರೀಧನದ ಪಟ್ಟಿ ನೆನಪಾಗದಿರದು. ತಮಿಳುನಾಡು 1989ರ ಮಾರ್ಚ್ 25ರಿಂದ ಮಗಳನ್ನೂ ಹುಟ್ಟಿನಿಂದಲೇ ಸಹಭಾಗಿಯೆಂದು ಮಾಡಿತು. ಅದಕ್ಕೂ ಮೊದಲೇ ಮದುವೆಯಾದವಳಿಗೆ ಅದು ಅನ್ವಯಿಸಲಿಲ್ಲ. ಕರ್ನಾಟಕ 1994ರಲ್ಲಿ ಅದೇ ದಾರಿ ಹಿಡಿಯಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರ ತಿದ್ದುಪಡಿ ವಿವಾಹಿತೆ, ಅವಿವಾಹಿತೆಯೆಂಬ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2022ರ ಜನವರಿಯಲ್ಲಿ ಬಂದ ಅರುಣಾಚಲ ಗೌಂಡರ್ ಪ್ರಕರಣವಂತೂ ತಮಿಳುನಾಡಿನಿಂದಲೇ ಹೋದದ್ದು. 1956ಕ್ಕೆ ಮುನ್ನ ಮರಣಪತ್ರವಿಲ್ಲದೆ ತೀರಿದ ತಂದೆಯ ಸ್ವಯಾರ್ಜಿತ ಆಸ್ತಿಗೆ ಒಬ್ಬಳೇ ಮಗಳು ವಾರಸುದಾರಳೆಂದು ಅಲ್ಲಿ ತೀರ್ಪಾಯಿತು. ಅದಕ್ಕಾಗಿ ನ್ಯಾಯಾಲಯ ಮಿತಾಕ್ಷರವನ್ನೂ ಪರಿಶೀಲಿಸಿತು.

ಆದರೂ ಉಪನೋಂದಣಿ ಕಚೇರಿಯ ಆ ದೃಶ್ಯ ನಿಂತಿಲ್ಲ. ಆದ್ದರಿಂದ ಕೆಲವು ಸಂಗತಿಗಳನ್ನು ಮನೆಮನೆಯಲ್ಲಿ ತಿಳಿದಿರಬೇಕು. ಮದುವೆಗೆ ಮಾಡಿದ ವೆಚ್ಚ, ಇಟ್ಟ ಒಡವೆ ಮಗಳ ಹಕ್ಕನ್ನು ತಾನಾಗಿ ಅಳಿಸುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿಹೋದ ವಿಭಾಗವನ್ನು ಈ ತಿದ್ದುಪಡಿ ಕದಲಿಸುವುದಿಲ್ಲ. ಬಾಯಿಮಾತಿನಲ್ಲಿ ಭಾಗವಾಗಿತ್ತೆಂಬ ವಾದಕ್ಕೆ ಮಾತ್ರ ಗಟ್ಟಿಯಾದ ಸಾರ್ವಜನಿಕ ದಾಖಲೆ ಬೇಕು. ಹಕ್ಕಿನೊಡನೆ ಹೊಣೆಯೂ ಬರುತ್ತದೆ. ತಿಳಿದು, ಸ್ವಇಚ್ಛೆಯಿಂದ ಸಹಿ ಹಾಕಿ ನೋಂದಾಯಿಸಿದ ಬಿಡುಗಡೆ ಪತ್ರ ಸಿಂಧುವೇ. ಮೋಸದಿಂದ ಬರೆಸಿಕೊಂಡದ್ದಾದರೆ, ಮೋಸ ತಿಳಿದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹೂಡಬೇಕು. ಸಹಿಗೆ ಮುನ್ನ ಪತ್ರವನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವುದು ಮನೆಯವರ ಕನಿಷ್ಠ ಕರ್ತವ್ಯ. ಪ್ರೀತಿಯಿಂದ ಬಿಟ್ಟುಕೊಡುವ ಸೋದರಿಯರೂ ಇದ್ದಾರೆ. ಆದರೆ ತನ್ನದೆಂದು ತಿಳಿದಿದ್ದರಲ್ಲವೇ ಬಿಟ್ಟುಕೊಡುವುದು?

ಹಿರಿಯ ಮಗನಿಗೆ ಹೆಚ್ಚಿನ ಭಾಗವೆಂದು ಸ್ಮೃತಿಯಲ್ಲಿತ್ತು. ಶಾಸ್ತ್ರದಲ್ಲಿದ್ದರೂ ಲೋಕ ಅಸಹ್ಯಪಡುವುದನ್ನು ಆಚರಿಸಬಾರದೆಂದು ವಿಜ್ಞಾನೇಶ್ವರನು ಅದನ್ನು ಕೈಬಿಟ್ಟು ಸಮಭಾಗವನ್ನು ಎತ್ತಿಹಿಡಿದನು. ಅಂದು ಆ ಸಮತೆ ಗಂಡುಮಕ್ಕಳ ನಡುವೆ ನಿಂತಿತ್ತು. ಇಂದು ಶಾಸನ ಅದನ್ನು ಹೆಣ್ಣುಮಕ್ಕಳವರೆಗೆ ತಂದಿದೆ. ಮನೆಯ ರೂಢಿ ಇನ್ನೂ ಹಿಂದೆ ಉಳಿದಿದೆ. ಧರ್ಮವನ್ನೇ ಒಬ್ಬ ಸೋದರನೆಂದು ಎಣಿಸಿದ ಊರು ಪೀಳಮೇಡು. ಅಲ್ಲಿ ಸೋದರಿಯನ್ನು ಎಣಿಸುವುದು ಕಷ್ಟವಾಗಬಾರದು.