ರೇಡಿಯೋ ಮತ್ತು ನಿರ್ಭಿಡೆಯ ಮಾತು

ಹೊಸಪೇಟೆಯ ಬಸ್ ನಿಲ್ದಾಣದ ಬಳಿ ಯಾವುದಾದರೊಂದು ಹೋಟೆಲಿನಲ್ಲಿ ಅರ್ಧ ಗಂಟೆ ಕುಳಿತರೆ ಸಾಕು. ಆಣೆಕಟ್ಟಿನ ಗೇಟು, ಸಂಡೂರಿನ ಗಣಿ, ಕಂಪ್ಲಿಯ ಕಾಲುವೆ ನೀರು, ಈ ಮೂರರ ಮೇಲೂ ಯಾರ ದಾಕ್ಷಿಣ್ಯವೂ ಇಲ್ಲದ ಅಭಿಪ್ರಾಯಗಳು ಕಿವಿಗೆ ಬೀಳುತ್ತವೆ. ಗಲ್ಲಾಪೆಟ್ಟಿಗೆಯ ಪಕ್ಕದ ರೇಡಿಯೋ ಮಾತ್ರ ಇಂಥ ಮಾತನ್ನು ಆಡುವುದಿಲ್ಲ. ಏಕೆ ಆಡುವುದಿಲ್ಲ, ಆಡಿದರೆ ಏನಾದೀತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕಾದಲ್ಲಿ ರೇಡಿಯೋ ಇಂಥ ಮಾತನ್ನು ಧಾರಾಳವಾಗಿ ಆಡುತ್ತದೆ. ಅಲ್ಲಿನ ಅಟ್ಲಾಂಟಾ ನಗರದ ನೀಲ್ ಬೋರ್ಟ್ಜ್ ಎಂಬಾತ ನಾಲ್ಕು ದಶಕಗಳಿಗೂ ಮೀರಿ ರೇಡಿಯೋದಲ್ಲಿ ವಾದ ಮಾಡಿ 2013ರ ಜನವರಿಯಲ್ಲಿ ನಿವೃತ್ತನಾದನು. ಓದಿನಿಂದ ವಕೀಲ, ಅಭಿಮತದಿಂದ 'ಲಿಬರ್ಟೇರಿಯನ್', ಎಂದರೆ ವ್ಯಕ್ತಿಸ್ವಾತಂತ್ರ್ಯವಾದಿ. ಮನುಷ್ಯನ ದೇಹ, ದುಡಿಮೆ, ಆಸ್ತಿಗಳು ಅವನವೇ. ಇನ್ನೊಬ್ಬನಿಗೆ ಹಾನಿ ಮಾಡದಿರುವ ತನಕ ಅವನನ್ನು ತಡೆಯಲು ಸರಕಾರಕ್ಕೆ ಹಕ್ಕಿಲ್ಲ ಎಂಬುದು ಈ ವಾದದ ತಿರುಳು. ವರಮಾನ ತೆರಿಗೆಯನ್ನೇ ಕಿತ್ತುಹಾಕಿ, ಕೊಳ್ಳುವ ಸರಕಿನ ಮೇಲೆ ಮಾತ್ರ ತೆರಿಗೆ ವಿಧಿಸಬೇಕೆಂದು ಆತ ಜಾನ್ ಲಿಂಡರ್ ಎಂಬ ಶಾಸನಕರ್ತರೊಡನೆ 2005ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಸಾರ್ವಜನಿಕ ಶಾಲೆಗಳನ್ನು 'ಸರಕಾರಿ ಶಾಲೆ'ಗಳೆಂದು ಕರೆದು ಮೂದಲಿಸುವುದು ಅವನ ರೂಢಿ. ಸರಕಾರಿ ಕಾಲೇಜಿನಲ್ಲಿ ಓದುತ್ತಿರುವ ನಮಗೆ ಅದು ಬೈಗುಳವೆಂದು ತಿಳಿಯುವುದಕ್ಕೇ ಸ್ವಲ್ಪ ಹೊತ್ತು ಬೇಕು! ಇಷ್ಟೆಲ್ಲ ಹೇಳಿದವನು ಇರಾಕ್ ಯುದ್ಧವನ್ನು ಮಾತ್ರ ಬೆಂಬಲಿಸಿದನು. ಯುದ್ಧಕ್ಕಿಂತ ದೊಡ್ಡ ಸರಕಾರೀ ಉದ್ಯಮ ಯಾವುದು ಎಂದು ಅವನ ಮತದವರೇ ಅವನ ಮೇಲೆ ಮುನಿದರು.

ಈ ವಿಚಾರ ನಮಗೆ ತೀರ ಹೊಸದೇನಲ್ಲ. 'ಪರ್ಮಿಟ್-ಲೈಸೆನ್ಸ್ ರಾಜ್ಯ'ವನ್ನು ಖಂಡಿಸಿ ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದ್ದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು.

ಆತ ನಮ್ಮ ಸೀಮೆಗೆ ಬಂದು ಮಾತಾಡಿದನೆಂದು ಭಾವಿಸೋಣ. ಸಂಡೂರಿನ ಗುಡ್ಡಗಳನ್ನು ತೋರಿಸಿ, "ಗುತ್ತಿಗೆ ಕೊಡುವ ಕೈಯೂ ಸರಕಾರದ್ದು, ಕಾವಲು ಕಾಯುವ ಕೈಯೂ ಸರಕಾರದ್ದು; ಲಂಚ ಹುಟ್ಟದೆ ಇನ್ನೇನು ಹುಟ್ಟೀತು?" ಎಂದು ಕೇಳಿಯಾನು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಕೊಟ್ಟ ವರದಿಯನ್ನು ನೆನೆದರೆ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಿರಿನ ಲಾರಿಗಳ ಕೆಂಧೂಳು ಪಕ್ಕದವನ ಬೆಳೆಯ ಮೇಲೆ ಕುಳಿತರೆ ಅದು ಪರರ ಆಸ್ತಿಗೆ ಮಾಡಿದ ಹಾನಿಯಲ್ಲವೆ? ಅವನ ತತ್ತ್ವದಂತೆಯೇ ಅದನ್ನು ತಡೆಯಬೇಕು. ತಡೆಯುವವರು ಯಾರು? ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಆ ತಿಂಗಳೇ ನಿಲ್ಲಿಸಿದ್ದು ಸುಪ್ರೀಂ ಕೋರ್ಟು. ಕೋರ್ಟೂ ರಾಜ್ಯಾಂಗದ ಒಂದು ಅಂಗವೇ. ತುಂಗಭದ್ರೆಯ ವಿಷಯದಲ್ಲಂತೂ ಅವನ ವಾದ ಮತ್ತಷ್ಟು ಕುಂಟುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಸರಕಾರದ ಅಲಕ್ಷ್ಯವನ್ನು ಎಲ್ಲರೂ ಬೈದರು, ಬೈದದ್ದು ಸರಿಯೇ. ಹರಿಯುತ್ತಿದ್ದ ನೀರಿಗೆ ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ್ದೂ ಸರಕಾರದ ವ್ಯವಸ್ಥೆಯೇ. ಕಂಪ್ಲಿಯ ಭತ್ತದ ರೈತನನ್ನು ಕೇಳಿದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಯಾನು.

ಹೀಗೆ ವಾದಕ್ಕೆ ಪ್ರತಿವಾದ ಹೂಡಲು ಮೊದಲು ವಾದ ಕೇಳಿಬರಬೇಕಷ್ಟೆ. ನಮ್ಮಲ್ಲಿ ಅಡ್ಡಿಯಿರುವುದು ಅಲ್ಲಿಯೇ. ಆಕಾಶವಾಣಿಯ ಪ್ರಸಾರ ಸಂಹಿತೆಯಂತೆ ರಾಜಕೀಯ ಪಕ್ಷವೊಂದನ್ನು ಹೆಸರೆತ್ತಿ ಖಂಡಿಸಕೂಡದು. ಕೇಂದ್ರ ಅಥವಾ ರಾಜ್ಯ ಸರಕಾರದ ಮೇಲೆ ಹಗೆತನದ ಟೀಕೆ ಮಾಡಕೂಡದು. 2001ರಲ್ಲಿ ಬೆಂಗಳೂರಿನಿಂದ ಆರಂಭವಾದ ಖಾಸಗಿ ಎಫ್.ಎಂ. ನಿಲಯಗಳು ಸ್ವಂತ ವಾರ್ತೆಯನ್ನು ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಪತ್ರಿಕೆಗಿಲ್ಲದ ಈ ಕಟ್ಟು ರೇಡಿಯೋಗೆ ಮಾತ್ರ ಏತಕ್ಕೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಷ್ಟು ಹಿಂದೆಯೇ ತೀರ್ಪಿತ್ತಿದೆ.

ಕಟ್ಟು ಬಿಚ್ಚಿದರೆ ಎಲ್ಲವೂ ಸುಖವೆಂದು ನಾನು ಹೇಳಲಾರೆ. ವಿವಾದದ ಎರಡು ಪಕ್ಷವನ್ನೂ ಕೇಳಿಸಬೇಕೆಂದು ಅಮೆರಿಕಾದಲ್ಲಿ 1949ರಿಂದ ಇದ್ದ ನಿಯಮವನ್ನು 1987ರಲ್ಲಿ ತೆಗೆದುಹಾಕಿದ ಮೇಲೆ, ಒಂದೇ ಪಕ್ಷದ ಅಬ್ಬರ ದಿನವಿಡೀ ನಡೆಯುವ ನಿಲಯಗಳು ಅಲ್ಲಿ ಹೆಚ್ಚಿದವು. ಆದರೂ ಒಬ್ಬನ ಅಬ್ಬರಕ್ಕೆ ಇನ್ನೊಬ್ಬನು ಉತ್ತರ ಕೊಟ್ಟಾನು. ಮೌನಕ್ಕೆ ಉತ್ತರ ಕೊಡುವುದು ಹೇಗೆ?

ಒಂದು ಸಂಗತಿಯನ್ನು ಮರೆಯಬಾರದು. ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು 1935ರಲ್ಲಿ ಆರಂಭಿಸಿದ್ದು ಸರಕಾರವಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು, ತಮ್ಮ ಮನೆಯಲ್ಲಿಯೇ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು 'ನಮ್ಮ ಧ್ವನಿ' ಎಂಬ ನಿಲಯವನ್ನು ಕಟ್ಟಿದರು. ಹಳ್ಳಿಗರಿಗೆ ಆಗ ಪ್ರಸಾರದ ಪರವಾನಿಗೆ ಸಿಗುವಂತಿರಲಿಲ್ಲ. ಅವರು ಕೇಬಲ್ ತಂತಿ ಎಳೆದು ತಮ್ಮ ಮಾತನ್ನು ಮನೆಮನೆಗೆ ಮುಟ್ಟಿಸಿದರು.