ಹೋಂಸ್ಟೇ ಮೇಜಿನ ಕಂಪ್ಯೂಟರಿಗೆ ಯಾವ ಕಾವಲು?

ಕೊಡಗಿನ ಹೋಂಸ್ಟೇಯಲ್ಲಿ ಕಂಪ್ಯೂಟರ್ ಬಹುಮಟ್ಟಿಗೆ ಒಂದೇ ಇರುತ್ತದೆ. ಕಾಫಿ, ಕರಿಮೆಣಸಿನ ಲೆಕ್ಕ, ತೋಟದ ಕೆಲಸದವರ ವಾರದ ಬಟವಾಡೆ, ಮಕ್ಕಳ ಪ್ರಾಜೆಕ್ಟು, ಮದುವೆಯ ಫೋಟೊ, ಅತಿಥಿಗಳ ಬುಕಿಂಗ್ ಎಲ್ಲವೂ ಅದರಲ್ಲೇ. ವಿದೇಶದವರು ಬಂದು ಉಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕಾದ ಅವರ ವಿವರದ ಫಾರ್ಮ್ ಹೋಗುವುದೂ ಅಲ್ಲಿಂದಲೇ. ಹಾಗಾಗಿ ಯಾರದೋ ಪಾಸ್‌ಪೋರ್ಟಿನ ವಿವರವೂ ಅದರ ಹೊಟ್ಟೆಯಲ್ಲಿ ಇರುತ್ತದೆ. ಹೊರಡುವ ಹೊತ್ತಿಗೆ ಅತಿಥಿಯೊಬ್ಬರು ಪೆನ್ ಡ್ರೈವ್ ಚಾಚಿ ಟಿಕೆಟ್ ಪ್ರಿಂಟ್ ತೆಗೆದುಕೊಡಿ ಎಂದರೆ ಆಗುವುದಿಲ್ಲ ಎನ್ನಲು ಮನಸ್ಸು ಬಾರದು.

ಇಂಥ ಯಂತ್ರ ಕೊಳ್ಳುವಾಗ ಅಂಗಡಿಯಲ್ಲಿ ಕೇಳಿಬರುವ ಮಾತು: “ಆಂಟಿವೈರಸ್ ಹಾಕಿಕೊಡಲಾ?” ಡಬ್ಬಿಯಲ್ಲಿ ಬರುವ ಕ್ವಿಕ್ ಹೀಲ್, ಕೆ7 ಆದರೆ ವರ್ಷಕ್ಕಿಷ್ಟು ಎಂದು ದುಡ್ಡು. ಅವಾಸ್ಟ್, ಎವಿಜಿ ಇಳಿಸಿಕೊಂಡರೆ ಪುಕ್ಕಟೆ. ಹೆಚ್ಚಿನವರ ಲೆಕ್ಕ ಈ ಎರಡರ ನಡುವೆಯೇ ಸುತ್ತುತ್ತದೆ.

ಮೂರನೆಯದೊಂದು ಆಗಲೇ ಒಳಗೆ ಕೂತಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಮೈಕ್ರೋಸಾಫ್ಟ್ ತನ್ನದೇ ಆಂಟಿವೈರಸ್ ಅನ್ನು ವಿಂಡೋಸ್ ಜೊತೆಗೇ ಕೊಡುತ್ತಿದೆ. ಅದರ ಹೆಸರು ಡಿಫೆಂಡರ್. ಶುರುವಿನ ವರ್ಷಗಳಲ್ಲಿ ಪರೀಕ್ಷಕರು ಇದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ, ಇಡಬೇಕಾಗಿಯೂ ಇರಲಿಲ್ಲ. ಈಗ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆಗೆ ಕೊಡುವ 6 ಅಂಕಗಳಲ್ಲಿ ಡಿಫೆಂಡರ್ ಮತ್ತೆ ಮತ್ತೆ ಪೂರ್ತಿ ಆರನ್ನೂ ಪಡೆಯುತ್ತಿದೆ. ದುಡ್ಡು ಕೊಟ್ಟು ಕೊಳ್ಳುವವೂ ಅಲ್ಲೇ ಆಸುಪಾಸಿನಲ್ಲಿವೆ. ವೈರಸ್ ಹಿಡಿಯುವ ವಿಷಯಕ್ಕಷ್ಟೇ ಬಂದರೆ ಬೆಲೆಗೂ ಸಾಮರ್ಥ್ಯಕ್ಕೂ ಇದ್ದ ನಂಟು ಹೀಗೆ ಸಡಿಲವಾಗಿದೆ.

ಏಕೆಂದರೆ ಹಿಡಿಯುವ ವಿಧಾನ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಗುರುತಿನ ಪಟ್ಟಿ. ಪೊಲೀಸ್ ಠಾಣೆಯ ರೌಡಿ ಪಟ್ಟಿಯಂತೆ, ಹಿಂದೆ ಸಿಕ್ಕಿಬಿದ್ದ ಪ್ರತಿ ಕೇಡಿ ತಂತ್ರಾಂಶದ ಚಹರೆ ಅದರಲ್ಲಿರುತ್ತದೆ. ಪಟ್ಟಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಒಂದು ಮೋಜಿನ ಉಪಾಯವಿದೆ. ಐಕಾರ್ ಎಂಬ 68 ಅಕ್ಷರಗಳ ಸಾಲೊಂದಿದೆ. ಅದು ಯಾರಿಗೂ ಏನೂ ಮಾಡದು, ಆದರೆ ಅದನ್ನು ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿದ ಕೂಡಲೇ ಆಂಟಿವೈರಸ್ ಬೊಬ್ಬೆ ಹಾಕಬೇಕೆಂದು ತಯಾರಕರೆಲ್ಲ ಒಪ್ಪಿಕೊಂಡಿದ್ದಾರೆ. ಎರಡನೆಯದು ನಡತೆಯ ಮೇಲೆ ನಿಗಾ. ಹೆಸರು ಗೊತ್ತಿಲ್ಲದ ಪ್ರೋಗ್ರಾಂ ಒಂದು ನೂರಾರು ಫೋಟೊಗಳನ್ನು ಒಂದೇ ಸಮ ತಿದ್ದುತ್ತಾ ಹೋದರೆ ಅದು ಒತ್ತೆಹಣ ಕೇಳುವ ರ್‍ಯಾನ್ಸಮ್‌ವೇರ್ ಇರಬಹುದೆಂದು ಊಹಿಸಿ ತಡೆಯುವುದು. ಮೂರನೆಯದು ಕ್ಲೌಡ್. ಅನುಮಾನ ಬಂದ ಫೈಲಿನ ಬಗ್ಗೆ ಕಂಪನಿಯ ದೂರದ ಸರ್ವರನ್ನು ಕೇಳಿ ಕ್ಷಣದಲ್ಲಿ ಉತ್ತರ ತರಿಸಿಕೊಳ್ಳುವುದು.

ಕೊಡಗಿನವರು ಸ್ವಲ್ಪ ನಿಂತು ನೋಡಬೇಕಾದುದು ಈ ಮೂರನೆಯದನ್ನು. ಆಟಿಯ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. 2018ರ ಆಗಸ್ಟಿನ ಮಹಾಮಳೆಯಂಥ ಕಾಲದಲ್ಲಂತೂ ದಿನಗಟ್ಟಲೆ ಸಂಪರ್ಕವಿಲ್ಲದೆ ಉಳಿದ ಊರುಗಳಿದ್ದವು. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ ಇಂಟರ್ನೆಟ್ ಇದ್ದಾಗ, ಇಲ್ಲದಾಗ ಎರಡನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಸಂಪರ್ಕ ಇದ್ದಾಗ ಡಿಫೆಂಡರ್ ಮುಂಚೂಣಿಯಲ್ಲಿರುತ್ತದೆ. ಕಡಿದಾಗ ಮಾತ್ರ ಅದರ ಹಿಡಿತ ಬೇರೆ ಕಂಪನಿಯ ಬಿಟ್‌ಡಿಫೆಂಡರ್‌ನಂಥವಕ್ಕಿಂತ ಸಡಿಲ, ಏಕೆಂದರೆ ಅದು ಕ್ಲೌಡನ್ನು ಹೆಚ್ಚು ನೆಚ್ಚಿದೆ. ನೆಟ್ ಇಲ್ಲದಾಗ ವೈರಸ್ ಎಲ್ಲಿಂದ ಬಂದೀತು ಎಂದರೆ, ಮತ್ತೆ ಆ ಪೆನ್ ಡ್ರೈವಿನಿಂದಲೇ. ‘ಶಾರ್ಟ್‌ಕಟ್ ವೈರಸ್’ ಎಂದು ಪ್ರಿಂಟ್ ಅಂಗಡಿಯವರೆಲ್ಲ ಬಲ್ಲ ಪೀಡೆ ಹರಡುವುದು ಹಾಗೆಯೇ. ಅದು ಅಸಲಿ ಫೋಲ್ಡರನ್ನು ಅಡಗಿಸಿ ಅದೇ ಹೆಸರಿನ ನಕಲಿ ಐಕಾನ್ ಇಡುತ್ತದೆ. ಒತ್ತಿದರೆ ಫೋಲ್ಡರ್ ತೆರೆಯುತ್ತದೆ, ಜೊತೆಗೆ ವೈರಸ್ಸೂ ಎದ್ದು ಕೂರುತ್ತದೆ, ಒತ್ತಿದವರಿಗೆ ಅನುಮಾನವೇ ಬರುವುದಿಲ್ಲ. ಹಾಗಂತ ಇದು ದುಡ್ಡು ಕೊಡಲು ಕಾರಣವಾಗದು. ಬಿಟ್‌ಡಿಫೆಂಡರಿನ ಪುಕ್ಕಟೆ ಆವೃತ್ತಿಯಲ್ಲೂ ಇರುವುದು ಅದೇ ಎಂಜಿನ್.

ಪುಕ್ಕಟೆಯದಕ್ಕೂ ಖರ್ಚಿದೆ, ಬಿಲ್ಲು ಮಾತ್ರ ಕಾಣುವುದಿಲ್ಲ. ಜೆಕ್ ದೇಶದ ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ವರ್ಷಗಟ್ಟಲೆ ಮಾರಿತ್ತು. ಪತ್ರಕರ್ತರು ಬಯಲಿಗೆಳೆದ ಮೇಲೆ 2020ರ ಜನವರಿಯಲ್ಲಿ ಆ ಅಂಗಡಿ ಮುಚ್ಚಿತು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಬೇಕೆಂದಿತು. ಅಂತರ್ಜಾಲದಲ್ಲಿ ನಿಮ್ಮ ಬೆನ್ನು ಹತ್ತುವವರನ್ನು ತಡೆಯುತ್ತೇವೆ ಎಂದು ಜಾಹೀರಾತು ಕೊಟ್ಟ ಕಂಪನಿಯೇ ಹೀಗೆ ಮಾಡಿದ್ದು! ಕಂಪ್ಯೂಟರಿನ ಪ್ರತಿ ಫೈಲನ್ನೂ ತೆರೆದು ನೋಡುವ ಅಧಿಕಾರ ಆಂಟಿವೈರಸ್‌ಗೆ ಇರುವುದರಿಂದ, ಆ ಅಧಿಕಾರ ಯಾರ ಕೈಗೆ ಹೋಗುತ್ತದೆ ಎನ್ನುವುದು ಬೆಲೆಗಿಂತ ದೊಡ್ಡ ಪ್ರಶ್ನೆ.

ಹೋಂಸ್ಟೇಯವರಿಗೆ ಇನ್ನೊಂದು ತೊಡಕೂ ಇದೆ. ಅವಾಸ್ಟ್‌ನಂಥ ಪುಕ್ಕಟೆ ಆವೃತ್ತಿಗಳ ಷರತ್ತಿನಲ್ಲಿ ಮನೆಯ ಸ್ವಂತ ಬಳಕೆಗೆ ಮಾತ್ರ, ವ್ಯವಹಾರಕ್ಕಲ್ಲ ಎಂದಿರುತ್ತದೆ. ಬುಕಿಂಗ್ ನಡೆಸುವ ಯಂತ್ರ ಮನೆಯದೋ ಅಂಗಡಿಯದೋ? ಷರತ್ತು ಓದದೆ ‘ಒಪ್ಪಿದೆ’ ಒತ್ತುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಡಿಫೆಂಡರ್ ವಿಂಡೋಸಿನ ಭಾಗವೇ ಆದ್ದರಿಂದ ಅದಕ್ಕೆ ಈ ತಕರಾರಿಲ್ಲ.

ಹಾಗಾದರೆ ದುಡ್ಡು ಕೊಟ್ಟರೆ ಸಿಗುವುದೇನು? ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ವಿಪಿಎನ್, ಪಾಸ್‌ವರ್ಡ್ ಜೋಪಾನ ಮಾಡುವ ವ್ಯವಸ್ಥೆ, ಮಕ್ಕಳು ಏನು ನೋಡುತ್ತಾರೆಂಬುದರ ಮೇಲೆ ಹಿಡಿತ, ಒಂದೇ ಖರೀದಿಯಲ್ಲಿ ಮನೆಯ ಫೋನುಗಳಿಗೂ ರಕ್ಷಣೆ, ಕೆಟ್ಟಾಗ ಫೋನ್ ಮಾಡಿ ಕೇಳಲು ಒಬ್ಬರು. ಈ ಕೊನೆಯದನ್ನು ಹಗುರವಾಗಿ ಕಾಣಬಾರದು. ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದವರು ನಾಪೋಕ್ಲು ಸುತ್ತಿನ ತೋಟದಲ್ಲಿ ಎಂಬಂಥ ಮನೆಗೆ ಅದೊಂದಕ್ಕೇ ದುಡ್ಡು ತೆತ್ತರೂ ನ್ಯಾಯವೇ. ವಿಪಿಎನ್ ಆಸೆಗೆ ಕೊಡುವುದು ಮಾತ್ರ ಬಹುಮಂದಿಗೆ ದಂಡ.

ಆಂಟಿವೈರಸ್ ಎಷ್ಟೇ ದುಬಾರಿಯಾದರೂ ಮನೆಯವರೇ ಬಾಗಿಲು ತೆಗೆದರೆ ಅದು ಏನೂ ಮಾಡಲಾರದು. ಬಾಗಿಲು ತೆಗೆಯುವ ಎರಡು ಬಗೆ ಇಲ್ಲಿ ಸಾಮಾನ್ಯ. ಒಂದು, ಕ್ರ್ಯಾಕ್ ಮಾಡಿದ ವಿಂಡೋಸ್, ಲೆಕ್ಕ ಬರೆಯುವ ಟ್ಯಾಲಿ. ಅದನ್ನು ಹಾಕುವ ಮೊದಲ ಮೆಟ್ಟಿಲೇ ಆಂಟಿವೈರಸ್ ಆಫ್ ಮಾಡುವುದು. ಲೋಕದ ತುಂಬ ಮನೆ ಕಂಪ್ಯೂಟರುಗಳನ್ನು ಕಾಡಿದ ‘ಸ್ಟಾಪ್’ ಎಂಬ ರ್‍ಯಾನ್ಸಮ್‌ವೇರ್ ಹಬ್ಬಿದ್ದು ಮುಖ್ಯವಾಗಿ ಇಂಥ ಕಳ್ಳ ತಂತ್ರಾಂಶಗಳ ಬೆನ್ನೇರಿ. ಇನ್ನೊಂದು, ಪರದೆಯ ತುಂಬ ಕೆಂಪು ಎಚ್ಚರಿಕೆ ತೋರಿಸಿ ‘ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎನ್ನುವ ಮೋಸ. ಇಂಥ ಮೋಸದ ಬಗ್ಗೆ ಮೈಕ್ರೋಸಾಫ್ಟ್, ಅಮೆಜಾನ್ ಕಂಪನಿಗಳು ಕೊಟ್ಟ ದೂರಿನ ಮೇಲೂ ಸಿಬಿಐ 2023ರ ಅಕ್ಟೋಬರಿನಲ್ಲಿ ‘ಆಪರೇಷನ್ ಚಕ್ರ-2’ ಹೆಸರಲ್ಲಿ ದೇಶದ 76 ಕಡೆ ಶೋಧ ನಡೆಸಿತ್ತು. ಇಂಥ ಕರೆಗೆ ಬಲಿಬಿದ್ದು ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.

ಪುಕ್ಕಟೆಯಾಗಿ ಸಿಗುವ ಒಳ್ಳೆಯವು ಕಡಿಮೆಯೇನಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸೋಂಕು ತೆಗೆಯುವ ಸಾಧನಗಳಿವೆ. ಪೆನ್ ಡ್ರೈವುಗಳಿಗೆ ಕಡಿವಾಣ ಹಾಕಲು ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ‘ಯುಎಸ್‌ಬಿ ಪ್ರತಿರೋಧ್’ ಇದೆ. ಡಿಫೆಂಡರಿನಲ್ಲೇ ರ್‍ಯಾನ್ಸಮ್‌ವೇರ್ ತಡೆಯಲು, ಗುರುತಿಲ್ಲದ ಪ್ರೋಗ್ರಾಂಗಳು ಫೋಟೊ, ದಾಖಲೆಗಳ ಫೋಲ್ಡರ್ ಮುಟ್ಟದಂತೆ ಕಾಯುವ ಗುಂಡಿಯೊಂದಿದೆ. ಅದನ್ನು ಕಂಪನಿ ಆಫ್ ಮಾಡಿಯೇ ಕೊಟ್ಟಿರುತ್ತದೆ, ನಾವೇ ಹುಡುಕಿ ಆನ್ ಮಾಡಬೇಕು. ವರ್ಷದ ಚಂದಾದ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊರಗಿನ ಹಾರ್ಡ್ ಡಿಸ್ಕ್ ಕೊಂಡು, ಲೆಕ್ಕ, ಫೋಟೊಗಳ ಪ್ರತಿ ತೆಗೆದು, ವೈರು ಕಳಚಿ ಬೀರುವಿನಲ್ಲಿಟ್ಟರೆ ಯಾವ ಪ್ಯಾಕೇಜಿಗಿಂತಲೂ ಲಾಭ.

ಉಳಿದದ್ದು ಹಳೆಯ ಯಂತ್ರಗಳ ಪಾಡು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಲ್ಲಿನ ಡಿಫೆಂಡರಿಗೆ 2028ರ ಅಕ್ಟೋಬರಿನವರೆಗೆ ಗುರುತಿನ ಪಟ್ಟಿ ಬರುತ್ತಿರುತ್ತದೆ, ಆದರೆ ವಿಂಡೋಸಿನ ತೂತುಗಳಿಗೆ ತೇಪೆ ಬೇಕಾದರೆ ಮೈಕ್ರೋಸಾಫ್ಟಿನ ಹೆಚ್ಚುವರಿ ಅವಧಿಯ ಯೋಜನೆಗೆ ಬೇರೆಯಾಗಿ ಹೆಸರು ಕೊಡಬೇಕು. ತೇಪೆಯ ಬೆಲೆ ಎಷ್ಟೆಂಬುದು 2017ರ ಮೇ 12ರಂದು ವಾನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಹಬ್ಬಿದಾಗ ತಿಳಿದಿತ್ತು. ಅದು ನುಗ್ಗಿದ ತೂತಿಗೆ ಎರಡು ತಿಂಗಳ ಹಿಂದೆಯೇ ತೇಪೆ ಬಂದಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು. ವಿಂಡೋಸ್ 11 ಒಪ್ಪದ ಲ್ಯಾಪ್‌ಟಾಪಿಗೆ ದುಬಾರಿ ಆಂಟಿವೈರಸ್ ತೊಡಿಸುವುದಕ್ಕಿಂತ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸುವುದು ಮೇಲು. ಮಾಕುಟ್ಟದ ಘಾಟಿ ಇಳಿದು ಕಣ್ಣೂರು ಕಡೆಗೆ ಹೋದರೆ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಬುಕಿಂಗಿಗೆ ಬೇಕಾದ ಬ್ರೌಸರು, ಲೆಕ್ಕಕ್ಕೆ ಬೇಕಾದ ಲಿಬ್ರೆಆಫೀಸ್ ಎರಡೂ ಅದರಲ್ಲಿ ಸಿಗುತ್ತವೆ. ಟ್ಯಾಲಿಯೇ ಬೇಕೆನ್ನುವವರು ಮಾತ್ರ ಹೊಸ ಯಂತ್ರಕ್ಕೆ ದುಡ್ಡು ಹೊಂದಿಸಬೇಕಾದೀತು.