ಕಾಳಿಘಾಟಿನ ಮಗ್ಗುಲಮನೆ

ಕೋಲ್ಕತ್ತದ ಕಾಳಿಘಾಟ್‌ಗೆ ಜನ ಹೋಗುವುದು ಕಾಳಿಯ ದರ್ಶನಕ್ಕೆ. 1809ರಲ್ಲಿ ಕಟ್ಟಿ ಮುಗಿಸಿದ ಈಗಿನ ದೇಗುಲ, ಅದರ ಸುತ್ತ ಕೆಂಪು ದಾಸವಾಳದ ಹಾರ, ಪೇಡಾ, ಶಂಖದ ಬಳೆ ಮಾರುವ ಅಂಗಡಿಗಳು, ಬೇಗ ದರ್ಶನ ಮಾಡಿಸುತ್ತೇವೆಂದು ಹಿಂದೆ ಬೀಳುವ ಪಂಡಾಗಳು. ಈ ಗದ್ದಲಕ್ಕೆ ಒತ್ತಿಕೊಂಡೇ ‘ನಿರ್ಮಲ್ ಹೃದಯ್’ ಇದೆ. ಒಂದು ಕಾಲಕ್ಕೆ ಯಾತ್ರಿಕರು ತಂಗುತ್ತಿದ್ದ ಛತ್ರ ಅದು. 1952ರ ಆಗಸ್ಟ್‌ನಲ್ಲಿ ಮದರ್ ತೆರೇಸಾ ಅದನ್ನು ಬೀದಿಯಲ್ಲಿ ಸಾಯುತ್ತಿದ್ದವರ ಆಶ್ರಯವಾಗಿ ಮಾಡಿದರು. ಗಂಡಸರಿಗೊಂದು ಹಜಾರ, ಹೆಂಗಸರಿಗೊಂದು ಹಜಾರ, ಸಾಲಾಗಿ ತಗ್ಗಿನ ಮಂಚಗಳು. ಇದನ್ನು ಒಬ್ಬ ಸಂತಳ ಕರುಣೆಯ ಫಲವೆಂದು ಹೇಳುವುದು ರೂಢಿ. ಆ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಅದು ಕಥೆಯ ಅರ್ಧ ಮಾತ್ರ. ಸಂತತನ ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ಗುಣವಲ್ಲ. ನಾವು ಅದಕ್ಕೆ ದೂರದಿಂದಲೇ ಕೈಮುಗಿದು ಮನೆಗೆ ಹೋಗುತ್ತೇವೆ. ಈ ಮನೆಯಿಂದ ಹೊರಗೆ ಹರಡಿದ್ದು ಬೇರೆಯದು, ಅದು ತೀರ ಸಣ್ಣ ಸಣ್ಣ ಉಪಕಾರಗಳ ರೂಢಿ. ಹಾಗೆ ಹರಡಲು ಕಾರಣ, ಇಲ್ಲಿ ಯಾರಿಂದಲೂ ದೊಡ್ಡದನ್ನು ಕೇಳಲಿಲ್ಲ ಎಂಬುದು.

ಸಂಸ್ಥೆಯ ಮೊದಲ ನಾಲ್ಕೈದು ವರ್ಷಗಳನ್ನು ನೋಡಿದರೆ ಇದು ತಿಳಿಯುತ್ತದೆ. 1948ರ ಆಗಸ್ಟ್‌ನಲ್ಲಿ ತೆರೇಸಾ ಲೊರೆಟೊ ಕಾನ್ವೆಂಟಿನಿಂದ ಹೊರಬಿದ್ದಾಗ ಅವರ ಬಳಿ ಮನೆಯಿರಲಿಲ್ಲ, ಹಣವಿರಲಿಲ್ಲ. ಪಟ್ನಾದಲ್ಲಿ ಸ್ವಲ್ಪ ಕಾಲ ಶುಶ್ರೂಷೆ ಕಲಿತು ಬಂದು ಮೋತಿಝೀಲ್ ಕೊಳೆಗೇರಿಯಲ್ಲಿ ನೆಲದ ಮೇಲೆ ಕಡ್ಡಿಯಿಂದ ಅಕ್ಷರ ಗೀಚಿ ಪಾಠ ಶುರುಮಾಡಿದರು. 1949ರಲ್ಲಿ ಕ್ರೀಕ್ ಲೇನಿನ ಗೋಮ್ಸ್ ಕುಟುಂಬ ತಮ್ಮ ಮನೆಯ ಮೇಲಂತಸ್ತನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿತು. ಮೈಕೆಲ್ ಗೋಮ್ಸ್ ತಾವೇ ಜೊತೆಗೆ ಹೋಗಿ ಔಷಧಿ ಕೇಳಿ ತಂದರು. ಲೊರೆಟೊ ಶಾಲೆಯಲ್ಲಿ ಅವರ ಕೈಯಲ್ಲಿ ಕಲಿತ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಸೇರಿದರು. 1950ರ ಅಕ್ಟೋಬರ್ 7ರಂದು ಮಿಷನರೀಸ್ ಆಫ್ ಚಾರಿಟಿಗೆ ಮಾನ್ಯತೆ ಸಿಕ್ಕಿತು. ಕಾಳಿಘಾಟಿನ ಛತ್ರವನ್ನು ಕೊಟ್ಟದ್ದು ಕಲ್ಕತ್ತಾ ಕಾರ್ಪೊರೇಷನ್. 1953ರಲ್ಲಿ ಲೋಯರ್ ಸರ್ಕ್ಯುಲರ್ ರಸ್ತೆಯ, ಅಂದರೆ ಈಗಿನ ಎ.ಜೆ.ಸಿ. ಬೋಸ್ ರಸ್ತೆಯ ಮನೆ ಸಿಕ್ಕಿತು. ಅದನ್ನು ಮಾರಿದವರು ಪಾಕಿಸ್ತಾನಕ್ಕೆ ಹೊರಟಿದ್ದ ಒಬ್ಬ ಮುಸ್ಲಿಂ ಗೃಹಸ್ಥರು. ಇಂದಿಗೂ ಅದೇ ‘ಮದರ್ ಹೌಸ್’. ಮುಂದೆ ಐಸಿಐ ಎಂಬ ರಾಸಾಯನಿಕ ಕಂಪನಿ ತನ್ನ ಜಾಗವೊಂದನ್ನು ಬಿಟ್ಟುಕೊಟ್ಟಿತು, ಅಲ್ಲಿ ‘ಪ್ರೇಮ್ ದಾನ್’ ಎದ್ದಿತು. ಒಬ್ಬರು ಮೇಲಂತಸ್ತು, ಒಬ್ಬರು ಛತ್ರ, ಇನ್ನೊಬ್ಬರು ಖಾಲಿ ಶೆಡ್ಡು: ಕೊಟ್ಟವರಿಗೆ ಹೇಗೂ ಬಳಕೆಯಲ್ಲಿಲ್ಲದ ಜಾಗಗಳೇ ಹೆಚ್ಚು. ಸರ್ವಸ್ವವನ್ನೇ ಕೊಡಿ ಎಂದಿದ್ದರೆ ಯಾರೂ ಕೊಡುತ್ತಿರಲಿಲ್ಲ.

ವಿರೋಧವೂ ಇತ್ತು. ಕಾಳಿಯ ಅಂಗಳದಲ್ಲಿ ಕ್ರೈಸ್ತ ಸನ್ಯಾಸಿನಿಯರಿಗೇನು ಕೆಲಸ, ಸಾಯುವವರನ್ನು ಮತಾಂತರ ಮಾಡಲು ಬಂದಿದ್ದಾರೆ ಎಂದು ನೆರೆಹೊರೆಯವರು ಕೂಗಾಡಿದ್ದುಂಟು. ಕ್ಷಯ ಅಂಟಿದ್ದ, ದೇವಸ್ಥಾನದ ಅರ್ಚಕರೊಬ್ಬರನ್ನು ಎಲ್ಲಿಯೂ ಸೇರಿಸಿಕೊಳ್ಳದಿದ್ದಾಗ ಕೊನೆಗೆ ಈ ಮನೆಯೇ ನೋಡಿಕೊಂಡಿತು, ಅಲ್ಲಿಂದ ವಿರೋಧ ತಣ್ಣಗಾಯಿತು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಕಥೆ ತುಸು ಅಚ್ಚುಕಟ್ಟಾಗಿಯೇ ಇದೆ, ಹೇಳಿ ಹೇಳಿ ನಯವಾಗಿರಲೂ ಸಾಕು. ಆದರೆ ಎಪ್ಪತ್ತು ವರ್ಷ ದಾಟಿದರೂ ದೇಗುಲ ಮತ್ತು ಆಶ್ರಯ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳುತ್ತಿವೆ ಎಂಬುದಕ್ಕೆ ಯಾರ ಸಾಕ್ಷ್ಯವೂ ಬೇಕಾಗಿಲ್ಲ.

ಸ್ವಯಂಸೇವಕರ ದಿನಚರಿಯನ್ನೇ ತೆಗೆದುಕೊಳ್ಳಿ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮದರ್ ಹೌಸ್‌ನಲ್ಲಿ ಅವರಿಗೆ ಬ್ರೆಡ್ಡು, ಬಾಳೆಹಣ್ಣು, ಚಹಾ. ಆಮೇಲೆ ಗುಂಪುಗುಂಪಾಗಿ ಬಸ್ಸು ಹಿಡಿದೋ ನಡೆದೋ ಕಾಳಿಘಾಟ್, ಪ್ರೇಮ್ ದಾನ್, ಮಕ್ಕಳಿರುವ ಶಿಶು ಭವನ್, ದಯಾ ದಾನ್‌ಗಳಿಗೆ ಹೋಗುತ್ತಾರೆ. ಬರುವವರಲ್ಲಿ ಸ್ಪೇನ್, ಕೊರಿಯಾ, ಜಪಾನಿನ ವಿದ್ಯಾರ್ಥಿಗಳಿರುತ್ತಾರೆ, ನಿವೃತ್ತ ಗುಮಾಸ್ತರಿರುತ್ತಾರೆ, ದೇವರನ್ನು ನಂಬದವರೂ ಇರುತ್ತಾರೆ. ಧರ್ಮ ಕೇಳುವುದಿಲ್ಲ, ಪದವಿ ಕೇಳುವುದಿಲ್ಲ. ಬಟ್ಟೆ ಒಗೆಯುವುದು, ಹಿಂಡಿ ಮಹಡಿಯ ಮೇಲೆ ಒಣಹಾಕುವುದು, ಪಾತ್ರೆ ತಿಕ್ಕುವುದು, ಕೈ ನಡುಗುವವರಿಗೆ ಊಟ ಮಾಡಿಸುವುದು, ಗಡ್ಡ ಹೆರೆಯುವುದು, ಕಾಲಿಗೆ ಎಣ್ಣೆ ತಿಕ್ಕುವುದು. ಇವುಗಳಲ್ಲಿ ಒಂದಕ್ಕೂ ವಿಶೇಷ ಪ್ರತಿಭೆ ಬೇಡ. ಅವರ ಜೊತೆಗೆ ಸಂಬಳಕ್ಕೆ ದುಡಿಯುವ ಊರಿನ ಹೆಂಗಸರಿದ್ದಾರೆ, ಎಲ್ಲರ ಬಾಯಲ್ಲೂ ಅವರು ‘ಮಾಶಿ’. ವಾರಕ್ಕೋ ತಿಂಗಳಿಗೋ ಬಂದುಹೋಗುವವರಿಗೆ ಯಾವ ರೋಗಿಯನ್ನು ಹೇಗೆ ಎತ್ತಬೇಕು, ಯಾರಿಗೆ ಅನ್ನ ಮೆತ್ತಗೆ ಕಲಸಬೇಕು ಎಂದು ಕಲಿಸುವವರು ಅವರೇ. ಭಾವಚಿತ್ರಗಳಲ್ಲಿ ಮಾತ್ರ ಅವರು ಕಾಣುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತು, ಅಲ್ಲಲ್ಲಿ ಇನ್ನೂ ಇದೆ. ಇಂದು ನಾನು ನಿನ್ನ ಗದ್ದೆಯಲ್ಲಿ ನಾಟಿ ಮಾಡಿದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಮದುವೆಯ ಮುಯ್ಯಿಯಂತೂ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ. ಅದು ಒಳ್ಳೆಯ ವ್ಯವಸ್ಥೆಯೇ, ಊರನ್ನು ಕಟ್ಟಿ ಹಿಡಿದದ್ದೂ ಅದೇ. ಆದರೆ ಮುಯ್ಯಿ ತೀರಿಸಿದೊಡನೆ ಲೆಕ್ಕ ಚುಕ್ತಾ. ಕಾಳಿಘಾಟಿನ ಮಂಚದ ಮೇಲಿರುವವರು ತಿರುಗಿ ಕೊಡಲಾರರು, ಅನೇಕರಿಗೆ ನಾಳೆಯೇ ಇರುವುದಿಲ್ಲ. ಹಾಗಾಗಿ ಇಲ್ಲಿ ಕೊಟ್ಟದ್ದು ಕೊಟ್ಟವರ ಬಳಿಗೆ ಹಿಂದಿರುಗದೆ ಮುಂದಕ್ಕೆ ಹೋಗಬೇಕಾಗುತ್ತದೆ. ಟೀಟಾಗಢದ ರೈಲು ಹಳಿಯ ಪಕ್ಕದ ‘ಗಾಂಧೀಜಿ ಪ್ರೇಮ್ ನಿವಾಸ್’ ನೋಡಿದರೆ ಇದು ಬರೀ ಮಾತಲ್ಲವೆಂದು ಗೊತ್ತಾಗುತ್ತದೆ. ಅಲ್ಲಿ ಕುಷ್ಠರೋಗದಿಂದ ಬಳಲಿದವರು ಮಗ್ಗದ ಮುಂದೆ ಕೂತು ಸಿಸ್ಟರ್‌ಗಳು ಉಡುವ ನೀಲಿ ಅಂಚಿನ ಬಿಳಿ ಸೀರೆಯನ್ನು ನೇಯುತ್ತಾರೆ.

1954ರಲ್ಲಿ ಆನ್ ಬ್ಲೇಕಿ ಎಂಬ ಇಂಗ್ಲಿಷ್ ಗೃಹಿಣಿ ಕಲ್ಕತ್ತದ ಕೆಲವು ಗೆಳತಿಯರೊಂದಿಗೆ ಕ್ರಿಸ್‌ಮಸ್‌ಗೆ ಬಡಮಕ್ಕಳಿಗಾಗಿ ಆಟಿಕೆ ಕೂಡಿಸಿಕೊಟ್ಟರು. ಸಂತೋಷ, ಇನ್ನು ಮುಸ್ಲಿಂ ಮಕ್ಕಳ ಹಬ್ಬಕ್ಕೆ, ಹಿಂದೂ ಮಕ್ಕಳ ದೀಪಾವಳಿಗೆ ಏನು ಮಾಡುತ್ತೀರಿ ಎಂದು ತೆರೇಸಾ ಕೇಳಿದರಂತೆ. ಹೀಗೆ ಬೆಳೆದ ಗುಂಪು 1969ರಲ್ಲಿ ‘ಸಹಕರ್ಮಿಗಳ’ ಅಂತರರಾಷ್ಟ್ರೀಯ ಸಂಘವಾಗಿ ಹಲವು ದೇಶಗಳಿಗೆ ಹಬ್ಬಿತು. ಅನಾರೋಗ್ಯದಿಂದ ಮಿಷನರೀಸ್ ಆಫ್ ಚಾರಿಟಿಗೆ ಸೇರಲಾಗದೆ ಉಳಿದ ಬೆಲ್ಜಿಯಂನ ಜಾಕ್ಲಿನ್ ಡಿ ಡೆಕ್ಕರ್ ಎಂಬುವರ ಮೂಲಕ ಇನ್ನೂ ವಿಚಿತ್ರವಾದ ಏರ್ಪಾಡೊಂದು ಹುಟ್ಟಿತು: ಹಾಸಿಗೆ ಹಿಡಿದ ಒಬ್ಬೊಬ್ಬರು ದುಡಿಯುವ ಒಬ್ಬೊಬ್ಬ ಸಿಸ್ಟರ್‌ಗೆ ಜೊತೆಯಾಗಿ ಅವರಿಗಾಗಿ ಪ್ರಾರ್ಥಿಸುವುದು. ಎದ್ದು ಕೂರಲಾಗದವರಿಗೂ ಒಂದು ಪಾಲು ಇಟ್ಟ ಹಾಗಾಯಿತು. ಆದರೆ 1990ರ ದಶಕದ ಮೊದಲರ್ಧದಲ್ಲಿ ತೆರೇಸಾ ಈ ಸಹಕರ್ಮಿಗಳ ಸಂಘವನ್ನೇ ವಿಸರ್ಜಿಸಿದರು. ಸಭೆ, ಪತ್ರಿಕೆ, ಪ್ರಯಾಣಗಳಿಗೆ ಹಣ ಖರ್ಚಾಗುತ್ತಿದೆ, ಬಡವರಿಗೆಂದು ಕೊಟ್ಟದ್ದು ಸಂಘಟನೆಗೆ ಹೋಗುತ್ತಿದೆ ಎಂಬ ಆತಂಕ ಅವರಿಗಿತ್ತು. ದಶಕಗಳ ಕಾಲ ದುಡಿದವರಿಗೆ ಇದು ನೋವು ತಂದಿತು, ತರಬೇಕಾದದ್ದೇ. ನನಗಂತೂ ಆ ನಿರ್ಧಾರ ಕಠೋರವಾಗಿ ಕಾಣುತ್ತದೆ. ಆದರೂ ಒಂದನ್ನು ಒಪ್ಪಬೇಕು: ಸಂಘ ಹೋದ ಮೇಲೂ ಬಟ್ಟೆ ಒಗೆಯಲು ಬರುವವರು ಬರುತ್ತಲೇ ಇದ್ದರು.

ಇನ್ನು ಆಕ್ಷೇಪಗಳು. ದೂರದೇಶದಿಂದ ವಿಮಾನ ಹತ್ತಿ ಬಂದು ಬಕೆಟ್ಟಿನಲ್ಲಿ ಬಟ್ಟೆ ಹಿಂಡುವ ಬದಲು ಆ ಟಿಕೆಟಿನ ಹಣವನ್ನೇ ಕಳಿಸಿದರೆ ಹತ್ತು ಮಾಶಿಯರಿಗೆ ಸಂಬಳವಾಗುತ್ತದಲ್ಲ ಎಂಬುದು ಒಂದು. ಲೆಕ್ಕ ಸರಿಯಾಗಿಯೇ ಇದೆ. 2020ರಲ್ಲಿ ಕೋವಿಡ್ ಬಂದು ವಿದೇಶೀಯರ ಬರವು ನಿಂತಾಗ ಈ ಮನೆಗಳು ಮುಚ್ಚಲಿಲ್ಲ. ಸಿಸ್ಟರ್‌ಗಳೂ ಮಾಶಿಯರೂ ನಡೆಸಿಕೊಂಡು ಹೋದರು. ಅಂದರೆ ಸ್ವಯಂಸೇವಕರು ಮನೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಾಗಿ ಮನೆಯೇ ಅವರಿಗೆ ಬೇಕಾಗಿದೆ. ಇದನ್ನು ಟೀಕೆಯಾಗಿಯೂ ಓದಬಹುದು. ನಾನು ಹಾಗೆ ಓದುವುದಿಲ್ಲ. ಹಣ ಕಳಿಸಿದವನಿಗೆ ರಸೀದಿ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಅಪರಿಚಿತನ ಮಲ ಒರೆಸಿದವನು ತನ್ನೂರಿಗೆ ಮರಳಿ ನೆರೆಮನೆಯ ಮುದುಕನ ಬಾಗಿಲು ತಟ್ಟಲು ಅಷ್ಟು ಹಿಂಜರಿಯಲಾರ. ತಟ್ಟಿಯೇ ತಟ್ಟುತ್ತಾನೆಂದು ಪ್ರಮಾಣ ಮಾಡಿ ಹೇಳುವುದು ಯಾರಿಂದಲೂ ಆಗದು, ಆದರೆ ಅಸಹ್ಯದ ಹೊಸ್ತಿಲನ್ನು ಅವನು ಒಮ್ಮೆ ದಾಟಿದ್ದಾನೆ.

ಎರಡನೆಯ ಆಕ್ಷೇಪ ಬಂಗಾಳಿಗಳದ್ದು, ಅದಕ್ಕೆ ತೂಕ ಹೆಚ್ಚು. ಕಲ್ಕತ್ತದಲ್ಲೇ ಬೆಳೆದ ವೈದ್ಯ ಅರೂಪ್ ಚಟರ್ಜಿ ವರ್ಷಗಟ್ಟಲೆ ಹೇಳುತ್ತ ಬಂದದ್ದು ಇದನ್ನೇ: ಒಬ್ಬರ ಕೀರ್ತಿಗಾಗಿ ಇಡೀ ನಗರ ಜಗತ್ತಿನ ಕಣ್ಣಲ್ಲಿ ಸಾವು, ಕೊಳಕುಗಳ ಊರಾಯಿತು. ಈ ದೂರು ನ್ಯಾಯವಾದದ್ದು. ನಗರಕ್ಕೆ ಸೇವೆಯನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ರಾಮಕೃಷ್ಣ ಮಿಷನ್ ಹುಟ್ಟಿದ್ದು 1897ರಲ್ಲಿ, ಬಾಗ್‌ಬಜಾರಿನ ಬಲರಾಮ ಬಸು ಅವರ ಮನೆಯಲ್ಲಿ. 1899ರಲ್ಲಿ ಪ್ಲೇಗ್ ಬಂದಾಗ ಬೀದಿ ಗುಡಿಸಲು ಜನ ಸಾಲದೆ ಸೋದರಿ ನಿವೇದಿತಾ ತಾವೇ ಪೊರಕೆ ಹಿಡಿದರು. ಅದನ್ನು ಕಂಡು ನಾಚಿದ ಓಣಿಯ ಹುಡುಗರು ಬಂದು ಪೊರಕೆ ಕಿತ್ತುಕೊಂಡರು. (ನಿವೇದಿತಾ ಕೂಡ ಹೊರಗಿನಿಂದ ಬಂದವರೇ ಅಲ್ಲವೇ ಎನ್ನುವವರಿಗೆ: ಪೊರಕೆ ಕಿತ್ತುಕೊಂಡವರು ಯಾರೆಂಬುದು ಇಲ್ಲಿ ಮುಖ್ಯ.) ನಿರ್ಮಲ್ ಹೃದಯ್ ತೆರೆದ 1952ರಲ್ಲೇ ಕಲ್ಕತ್ತದ ವಿದ್ಯಾರ್ಥಿಗಳು ‘ಸ್ಟೂಡೆಂಟ್ಸ್ ಹೆಲ್ತ್ ಹೋಮ್’ ಕಟ್ಟಿದರು. ತಲೆಗಿಷ್ಟೆಂದು ಸಣ್ಣ ಮೊತ್ತ ಹಾಕಿ ತಮ್ಮ ಚಿಕಿತ್ಸೆಯನ್ನು ತಾವೇ ನೋಡಿಕೊಂಡ ಆ ಸಂಸ್ಥೆ ಮೌಲಾಲಿಯಲ್ಲಿ, ಮದರ್ ಹೌಸ್‌ನಿಂದ ನಡೆದುಹೋಗುವಷ್ಟು ದೂರದಲ್ಲಿದೆ. ಪಾಡಾ, ಅಂದರೆ ಓಣಿಯ, ಕ್ಲಬ್ಬುಗಳ ರಕ್ತದಾನ ಶಿಬಿರಗಳಿವೆ. 2021ರಲ್ಲಿ ಆಮ್ಲಜನಕದ ಸಿಲಿಂಡರು ಹೊತ್ತು ಮನೆಮನೆಗೆ ಓಡಿದ ಎಡಪಂಥೀಯ ತರುಣರ ‘ರೆಡ್ ವಾಲಂಟಿಯರ್ಸ್’ ಅದೇ ವರ್ಷದ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಒಂದು ಸ್ಥಾನವೂ ಬಾರದಿದ್ದರೂ ಓಡಾಟ ನಿಲ್ಲಿಸಲಿಲ್ಲ. ಇವೆಲ್ಲವನ್ನೂ ಸೇರಿಸಿ ನೋಡಿದರೆ ಕಾಳಿಘಾಟಿನ ಮನೆ ಒಂದು ಹಳೆಯ ಪರಂಪರೆಗೆ ಬಂದು ಸೇರಿದ್ದು ಎನ್ನಬೇಕು. ಹೀಗೆನ್ನುವುದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಪ್ರೀತಿಯಿದ್ದರೆ ಸಾಕೆ, ವೈದ್ಯ ಬೇಡವೆ? 1994ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಇಲ್ಲಿಗೆ ಬಂದುಹೋಗಿ ಬರೆದರು. ಶುಚಿತ್ವ, ಗಾಯಗಳ ಆರೈಕೆ, ಯಾರನ್ನೂ ತಿರುಗಿಸಿ ಕಳಿಸದ ಬಾಗಿಲು ಅವರಿಗೆ ಮೆಚ್ಚಿಗೆಯಾದವು; ರೋಗನಿರ್ಣಯದ ಅವ್ಯವಸ್ಥೆ, ಬಲವಾದ ನೋವುನಿವಾರಕಗಳ ಅಭಾವ ಕಳವಳ ಹುಟ್ಟಿಸಿದವು. ಮರುವರ್ಷ ಕ್ರಿಸ್ಟೊಫರ್ ಹಿಚೆನ್ಸ್ ಪುಸ್ತಕ ಬಂತು. ಸೂಜಿಗಳನ್ನು ತಣ್ಣೀರಿನಲ್ಲಿ ತೊಳೆದು ಮತ್ತೆ ಬಳಸುತ್ತಿದ್ದರೆಂಬ ಮಾಜಿ ಸ್ವಯಂಸೇವಕರೊಬ್ಬರ ಮಾತು ಅದರಲ್ಲಿದೆ. ನೋವುನಿವಾರಕದ ವಿಷಯದಲ್ಲಿ ಮನೆಯ ಪರವಾಗಿ ಹೇಳಬೇಕಾದ್ದು ಒಂದಿದೆ. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದಾಗಿ ಭಾರತದಲ್ಲಿ ಮಾರ್ಫಿನ್ ಬಳಕೆ 1997ರ ಹೊತ್ತಿಗೆ ಶೇ 97ರಷ್ಟು ಕುಸಿದಿತ್ತು. ದೊಡ್ಡ ಆಸ್ಪತ್ರೆಗಳಲ್ಲೇ ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಇಲ್ಲದೆ ನರಳುತ್ತಿದ್ದ ಕಾಲ ಅದು. ಕಾಯಿದೆ ಸಡಿಲಾದದ್ದು 2014ರಲ್ಲಿ. ಆದರೆ ಸೂಜಿಯನ್ನು ಕುದಿಸಲು ಯಾವ ಕಾಯಿದೆಯೂ ಅಡ್ಡ ಬಂದಿರಲಿಲ್ಲ. ಅದಕ್ಕೆ ಸಮರ್ಥನೆಯಿಲ್ಲ, ಹುಡುಕಲೂಬಾರದು.

ಈ ಟೀಕೆಯಿಂದ ಕೆಲವರು ತೆಗೆಯುವ ತೀರ್ಮಾನವನ್ನು, ಅಂದರೆ ತರಬೇತಿಯಿಲ್ಲದವರ ಕನಿಕರ ಅಪಾಯಕಾರಿ, ಸಾಯುವವರನ್ನು ತಜ್ಞರಿಗೇ ಬಿಡಬೇಕು ಎಂಬುದನ್ನು, ಕೇರಳ ಸುಳ್ಳುಮಾಡಿದೆ. 1993ರಲ್ಲಿ ಕಲ್ಲಿಕೋಟೆಯ ವೈದ್ಯರು ಆರಂಭಿಸಿದ ನೋವುಶಮನ ಸೊಸೈಟಿ ಮುಂದೆ ಊರೂರಿನ ಸಾಮಾನ್ಯರಿಗೆ ಅಲ್ಪ ತರಬೇತಿ ಕೊಟ್ಟು ನೆರೆಹೊರೆಯ ಜಾಲಗಳನ್ನು ಕಟ್ಟಿತು. ಮಾರ್ಫಿನ್ ವೈದ್ಯರ ಕೈಯಲ್ಲಿ, ಮೈ ಒರೆಸಿ ಮಾತಾಡಿಸುವುದು ನೆರೆಯವರ ಕೈಯಲ್ಲಿ. 2008ರಲ್ಲಿ ರಾಜ್ಯ ಸರ್ಕಾರ ಅದನ್ನೇ ನೀತಿಯಾಗಿ ಒಪ್ಪಿಕೊಂಡಿತು. ಬೆಂಗಳೂರಿನ ಮಾರತ್‌ಹಳ್ಳಿ ಬಳಿಯ ‘ಕರುಣಾಶ್ರಯ’ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆಯೂ ಪಡೆಯದೆ, ನುರಿತ ದಾದಿಯರನ್ನಿಟ್ಟುಕೊಂಡು ನೋಡಿಕೊಳ್ಳುತ್ತಿದೆ. ಎರಡೂ ಕಡೆ ಕಸುಬು ಬಂದದ್ದರಿಂದ ಕರುಣೆಯೇನೂ ಓಡಿಹೋಗಲಿಲ್ಲ.

ಹಾಗಾಗಿ ಕಾಳಿಘಾಟಿನ ಬಗ್ಗೆ ಬಹುಕಾಲದಿಂದ ಕೇಳಿಬಂದಿರುವ ಬಟ್ಟೆ ಒಗೆಯುವ ಯಂತ್ರ ಬೇಕೇ ಬೇಡವೇ ಎಂಬ ವಾದದಲ್ಲಿ ನನ್ನ ಮತ ಯಂತ್ರದ ಕಡೆಗೆ. ಕೈಯಿಂದ ಒಗೆಯುವುದು ಬಡವರಂತೆ ಬದುಕುವ ವ್ರತದ ಭಾಗ, ಹತ್ತು ಜನರನ್ನು ಒಂದೇ ತೊಟ್ಟಿಯ ಸುತ್ತ ನಿಲ್ಲಿಸುವ ಕೆಲಸವೂ ಹೌದು ಎಂಬ ಉತ್ತರ ನನಗೆ ಅರ್ಥವಾಗುತ್ತದೆ. ಆದರೆ ಕ್ಷಯರೋಗಿಯ ಹೊದಿಕೆಗೆ ಬೇಕಾದದ್ದು ಕುದಿಯುವ ನೀರು. ವ್ರತ ಹಿಡಿದವರು ಸಿಸ್ಟರ್‌ಗಳು, ಮಂಚದ ಮೇಲಿರುವವರಲ್ಲ. ಸ್ವಯಂಸೇವಕರಿಗೆ ಅನ್ನ ಕಲಸುವುದು, ಗಡ್ಡ ಹೆರೆಯುವುದು, ಎಣ್ಣೆ ತಿಕ್ಕುವುದು ಹೇಗೂ ಇದ್ದೇ ಇದೆ.